ಆರೂ ಇಪ್ಪತ್ತರ ಹರಿಹರ ಬಸ್ಸು

ಒಂದು ಬಸ್ಸನ್ನು ಐದು ನಿಮಿಷ ತಡೆದದ್ದು ಅಂಥ ದೊಡ್ಡ ತಪ್ಪೇನಲ್ಲ ಎಂದು ಅಂಜನಕುಮಾರ ಒಂದು ವಾರದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಆ ತಪ್ಪು ದಪ್ಪಗಾಗುತ್ತಿತ್ತು. ದಾವಣಗೆರೆಯ ಖಾಸಗಿ ಬಸ್ ನಿಲ್ದಾಣದಲ್ಲಿ ಅವನು ಟೈಮ್‌ಕೀಪರ್. ಸೀಟಿ ಊದಿ, ಬಸ್ಸಿನ ಬೆನ್ನಿಗೆ ಎರಡು ಸಲ ಬಡಿದು, "ನಡೀ ನಡೀ" ಎಂದು ಹೊರಡಿಸುವುದೇ ಒಂಬತ್ತು ವರ್ಷದಿಂದ ಅವನ ಉದ್ಯೋಗ. ಹೆಂಡತಿ ಬಾಗಿಲಲ್ಲಿದ್ದು ಗಂಡ ಮೂತ್ರಕ್ಕೆ ಹೋಗಿದ್ದರೂ ಅವನು ಬಸ್ಸು ನಿಲ್ಲಿಸಿದವನಲ್ಲ. ಅಂಥವನು ಹೋದ ಭಾನುವಾರ, ರಜೆಯ ದಿನ, ವಿನೋಬನಗರದ ತನ್ನ ಮನೆಯ ಪಡಸಾಲೆಯಲ್ಲಿ ಕೂತುಕೊಂಡು, ಆರೂ ಇಪ್ಪತ್ತರ ಹರಿಹರ ಬಸ್ಸಿನ ಡ್ರೈವರ್ ಮಸ್ತಾನಸಾಬರಿಗೆ ಫೋನು ಮಾಡಿ, "ಒಂದೈದ್ ನಿಮಿಷ ತಡೀರಿ, ನಮ್ಮೋರೊಬ್ರು ಬರಾದೈತೆ" ಎಂದಿದ್ದ. ನಮ್ಮೋರು ಅಂದರೆ ಹರಿಹರದಿಂದ ಪ್ರತಿ ವಾರ ಆಟಕ್ಕೆ ಬರುವ ನರ್ಸು ಸುನೀತಾ. ತಡೆಯಬೇಕಾಗಿ ಬಂದದ್ದು ಯಾಕೆಂದರೆ, ಅವನು ಒಂದು ಬಾಗಿಲನ್ನು ವರ್ಣಿಸುತ್ತಿದ್ದ. ಲೋಕದಲ್ಲೇ ಇಲ್ಲದ ಕೋಟೆಯ, ಲೋಕದಲ್ಲೇ ಇಲ್ಲದ ಬಾಗಿಲು. ಅದರ ಕಬ್ಬಿಣದ ಮೊಳೆಗಳನ್ನು ಅವನು ಒಂದೊಂದಾಗಿ ಹೇಳಿ ಮುಗಿಸುವ ತನಕ ನಲವತ್ತು ಜನ ಬಿಸಿ ಬಸ್ಸಿನಲ್ಲಿ ಬೆವರುತ್ತ ಕೂತಿದ್ದರು. ಸೋಮವಾರ ಮಸ್ತಾನಸಾಬ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಹಾ ಕುಡಿಯುತ್ತ, "ಪೇಶೆಂಟ್ ಈಗ ಹೆಂಗದಾರ್ರಿ?" ಎಂದು ಕೇಳಿದರು. ಬಸ್ಸು ತಡೆಸಿದ್ದಾನೆಂದರೆ ಯಾರದೋ ಜೀವಕ್ಕೇ ಬಂದಿರಬೇಕು ಎಂದು ಆ ಹಿರಿಯ ತಿಳಿದುಕೊಂಡಿದ್ದರು. ಅಂಜನಕುಮಾರ ಕಪ್ಪಿನ ತಳ ನೋಡುತ್ತ, "ಅರಾಮದಾರ್ರಿ" ಎಂದ.

ಈ ಆಟವನ್ನು ತಂದು ಗಂಟುಹಾಕಿದವನು ದಿನೇಶ್. ಮಂಡಿಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಅವನು ಒಂದು ದಪ್ಪ ನಿಯಮದ ಪುಸ್ತಕ, ಇಪ್ಪತ್ತು ಮುಖದ ದಾಳ ತರಿಸಿಕೊಂಡು, ಆಡಿಸುವವರಿಲ್ಲದೆ ಇವನ ಹತ್ತಿರ ಬಂದಿದ್ದ. ಒಬ್ಬ ಕಥೆ ನಡೆಸಬೇಕು, ಆ ಕೆಲಸ ಅಂಜನಕುಮಾರನ ಪಾಲಿಗೆ ಬಂತು. ಉಳಿದವರು ಕಥೆಯೊಳಗಿನ ಪಾತ್ರಗಳಾಗಬೇಕು. "ಬಾಗಿಲ ಮುಂದೆ ನಿಂತಿದ್ದೀರಿ, ಏನು ಮಾಡ್ತೀರಿ?" ಎಂದು ನಡೆಸುವವನು ಕೇಳಿದರೆ ಅವರು ತಮಗೆ ತೋಚಿದ್ದನ್ನು ಹೇಳುತ್ತಾರೆ, ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ದಿನೇಶ್ ಕನ್ನಗಳ್ಳ. ಅಂಗನವಾಡಿ ಟೀಚರ್ ಆಶಾರಾಣಿ ಮಾಟಗಾತಿ. ಅಂಗನವಾಡಿಯಲ್ಲಿ ಮಾಡಲಾಗದ್ದನ್ನು ಇಲ್ಲಿ ಮಾಡುತ್ತೇನೆ ಎನ್ನುತ್ತಿದ್ದಳು. ಸುನೀತಾ ಅಂಬಿಗರ ಗಂಗಿ. ಗಂಗಿಯ ಅಣ್ಣನನ್ನು ಹೊಳೆಯಾಚೆಯ ಕೋಟೆಯಲ್ಲಿ ಸೆರೆ ಹಿಡಿದಿಟ್ಟಿದ್ದಾರೆ, ಅವನನ್ನು ಬಿಡಿಸಿ ತರಬೇಕು. ಕಥೆ ಅಂದರೆ ಇಷ್ಟೇ. ಇಷ್ಟು ಕಥೆಗೆ ಹನ್ನೊಂದು ಭಾನುವಾರಗಳಾಗಿದ್ದವು, ಇನ್ನೂ ಯಾರೂ ಕೋಟೆಯೊಳಗೆ ಕಾಲಿಟ್ಟಿರಲಿಲ್ಲ. ಹೊಳೆಗೆ ಮೂರು ವಾರ, ಹೊಳೆಯ ಮೇಲಿನ ಮಂಜಿಗೆ ಎರಡು ವಾರ. ಒಂಬತ್ತನೆಯ ವಾರ ದಿನೇಶ್ ಗೋಡೆಗೆ ಒರಗಿದವನು ಗೊರಕೆ ಹೊಡೆದಿದ್ದ. ಹತ್ತನೆಯ ವಾರ ಆಶಾರಾಣಿ ಬಹಳ ಮರ್ಯಾದೆಯಿಂದ, ಪುಟ್ಟ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ, "ಭಾಗವತ್ರೇ, ಬಾಗ್ಲು ಸಾಕು. ಒಳಗ ಏನೈತೆ ಹೇಳ್ರಿ" ಎಂದಿದ್ದಳು. ಆ ಧ್ವನಿ ಅವನಿಗೆ ಗೊರಕೆಗಿಂತ ಹೆಚ್ಚು ಚುಚ್ಚಿತು. ಹನ್ನೊಂದನೆಯ ವಾರ ಬಸ್ಸು ತಡೆಸಿದ್ದು. ಬೀದಿಯ ತನಕ ಓಡಿದ ಸುನೀತಾ ತಿರುಗಿ ನಿಂತು, ಏದುಸಿರಿನಲ್ಲೇ, ಮುಂದಿನ ವಾರ ಒಂದೇ ಬಾಕಿ, ಆಮೇಲೆ ತನಗೆ ಭಾನುವಾರವೂ ಹಗಲು ಡ್ಯೂಟಿ ಎಂದು ಹೇಳಿ ಹೋಗಿದ್ದಳು. "ನಮ್ಮಣ್ಣ ಅಲ್ಲೇ ಕೊಳೀತಾನೇನ್ರಿ ಹಂಗಾದ್ರೆ?" ಎಂದಳು. ನಗುತ್ತಲೇ ಎಂದಳು. ಅಣ್ಣ ಅಂದಳು, ಗಂಗಿಯ ಅಣ್ಣ ಅನ್ನಲಿಲ್ಲ.

ಇವತ್ತು ಆ ಮುಂದಿನ ವಾರ. ಈ ಸಲ ಬಸ್ಸು ತಡೆಯುವ ಮಾತಿಲ್ಲ. ಸಂಜೆ ಆರೂ ಹತ್ತಕ್ಕೆ ಸುನೀತಾ ಎದ್ದು ನಿಲ್ಲುತ್ತಾಳೆ, ಏಳೂವರೆಗೆ ಅವಳಿಗೆ ಡ್ಯೂಟಿ. ಅಷ್ಟರೊಳಗೆ ಅಣ್ಣ ಹೊರಗೆ ಬಂದಿರಬೇಕು, ಇಲ್ಲದಿದ್ದರೆ ಅವನು ಎಂದೆಂದಿಗೂ ಒಳಗೇ. ಅಂಜನಕುಮಾರ ಹಿಂದಿನ ದಿನವೇ ಒಂದು ಹಳೆಯ ಟ್ರಿಪ್ ಶೀಟಿನ ಬೆನ್ನಿಗೆ ಸಮಯ ಹಾಕಿಕೊಂಡಿದ್ದ. ಮೂರೂವರೆ ಬಾಗಿಲು, ಕಾವಲುಗಾರ, ಹೊಡೆದಾಟ ಹತ್ತು ನಿಮಿಷ. ಮೂರೂ ನಲವತ್ತು ಮೆಟ್ಟಿಲು. ನಾಲ್ಕೂ ಹತ್ತು ಬಾವಿ. ಹೀಗೆ ಹನ್ನೆರಡು ಸ್ಟಾಪು, ಕೊನೆಗೆ ಐದೂ ಐವತ್ತೈದಕ್ಕೆ ದಡ. ನೋಡಿದರೆ ಯಾವ ಮಾಲೀಕನಾದರೂ ಮೆಚ್ಚಬೇಕು, ಹಾಗಿತ್ತು. ಆದರೂ ಒಳಗೊಂದು ಪುಕ್ಕಲು. ಅವನ ಊರು ಆನಗೋಡಿನ ಶಾಲೆಯಲ್ಲಿ ಐದನೆಯ ಕ್ಲಾಸಿನಲ್ಲಿ ನಾಟಕ ಮಾಡಿಸಿದ್ದರು. ಅವನದು ದೂತನ ಪಾರ್ಟು, ಒಂದೇ ಮಾತು: ಪ್ರಭೂ, ವೈರಿಗಳು ಬಂದರು. ಎಲ್ಲಿ ಮರೆತುಬಿಡುತ್ತೇನೋ ಎಂಬ ಹೆದರಿಕೆಗೆ, ರಾಜ ಇನ್ನೂ ಸಿಂಹಾಸನದ ಮೇಲೆ ಕೂಡುವ ಮೊದಲೇ ಓಡಿ ಬಂದು ಹೇಳಿಬಿಟ್ಟಿದ್ದ. ರಾಜನ ಪಾರ್ಟಿನ ಅಶ್ವಥ್ ಮೀಸೆ ಸರಿ ಮಾಡಿಕೊಳ್ಳುತ್ತಿದ್ದವನು, "ಇನ್ನೂ ಬಂದಿಲ್ಲ, ಹೋಗಲೇ" ಎಂದ. ಊರೆಲ್ಲ ನಕ್ಕಿತು. ವೈರಿಗಳು ನಿಜವಾಗಿ ಬಂದಾಗ ಅವನು ಪರದೆಯ ಹಿಂದೆ ಅಳುತ್ತ ಕೂತಿದ್ದ, ದೂತನಿಲ್ಲದೆಯೇ ಯುದ್ಧ ನಡೆದುಹೋಯಿತು. ಅಂದಿನಿಂದ ಅವನಿಗೆ ಬೇಗ ಹೇಳುವುದೆಂದರೆ ಭಯ. ಬಸ್ಸನ್ನು ಬೇಕಾದರೆ ಹೊತ್ತಿಗೆ ಸರಿಯಾಗಿ ಬಿಟ್ಟಾನು, ಮಾತನ್ನು ಬಿಡಲಾರ.

ಮೂರೂವರೆಗೆ ಶುರುವಾಗಬೇಕಾದದ್ದು ಮೂರೂ ಐವತ್ತಕ್ಕೆ ಶುರುವಾಯಿತು, ಯಾಕೆಂದರೆ ದಿನೇಶ್ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ, ಮಿರ್ಚಿ ಬಿಸಿಯಿರುವಾಗ ಕೋಟೆಗೆ ಯಾರು ಹೋಗುತ್ತಾರೆ. ಅಂಜನಕುಮಾರ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಕಾವಲುಗಾರನನ್ನು ಈಟಿ ಹಿಡಿಸಿ ನಿಲ್ಲಿಸಿದ. ಹೊಡೆಯಿರಿ ಎಂದು ಬಾಯಿಬಿಟ್ಟು ಹೇಳುವುದೊಂದು ಬಾಕಿ. ದಿನೇಶ್ ದಾಳ ಎತ್ತಿಕೊಂಡವನು ಏನನ್ನಿಸಿತೋ, "ನಿನ್ನ ಹೆಸ್ರೇನಣ್ಣ?" ಎಂದು ಕೇಳಿದ. ಕಾವಲುಗಾರನಿಗೆ ಹೆಸರೇ ಇರಲಿಲ್ಲ. ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನು ನೆನಪಾಗಿ, ಅಂಜನಕುಮಾರ "ಗುತ್ತೆಪ್ಪ" ಎಂದುಬಿಟ್ಟ. ಅಷ್ಟು ಸಾಕಾಯಿತು. ಆಶಾರಾಣಿ, "ಯಾವೂರಾತ್ರಿ ನಿಮ್ದು?" ಎಂದಳು. ಊರು ಕೇಳಿದ ಮೇಲೆ ಈ ಸೀಮೆಯಲ್ಲಿ ಯಾರು ಯಾರನ್ನು ಹೊಡೆದದ್ದಿದೆ? ಗುತ್ತೆಪ್ಪನಿಗೆ ಮಕ್ಕಳೆಷ್ಟು, ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತಾರೋ, ಮೊಣಕಾಲು ನೋವಿಗೆ ಏನು ಹಚ್ಚುತ್ತಾನೆ, ಎಲ್ಲ ಬಂತು. ಸುನೀತಾ ಎರಡು ಮಾತ್ರೆ ಹೇಳಿದಳು. ಆ ಕಾಲದಲ್ಲಿ ಮಾತ್ರೆ ಇರಲಿಲ್ಲ ಎಂದು ದಿನೇಶ್, ಇದ್ದರೆ ತಪ್ಪೇನು ಎಂದು ಆಶಾರಾಣಿ. ಗಡಿಯಾರದಲ್ಲಿ ನಾಲ್ಕೂ ನಲವತ್ತಾಯಿತು. ಟ್ರಿಪ್ ಶೀಟಿನ ಪ್ರಕಾರ ಅವರು ಈಗ ಬಾವಿ ದಾಟಿ ಐದನೆಯ ಸ್ಟಾಪಿನಲ್ಲಿರಬೇಕು. ಅಂಜನಕುಮಾರ ಶೀಟನ್ನು ಮಡಿಸಿ ಬಿಚ್ಚಿದ. ಮೂವರೂ ನಗುತ್ತಿದ್ದರು, ತನ್ನ ಆಟದಲ್ಲಿ ಜನ ನಗುವುದನ್ನು ಅವನು ನೋಡುತ್ತಿದ್ದುದು ಇದೇ ಮೊದಲು, ಆದರೆ ಆ ನಗುವೂ ಅವನಿಗೆ ನಿಮಿಷಗಳಾಗಿಯೇ ಕೇಳಿಸುತ್ತಿತ್ತು.

ಮಾತು ಮುಗಿಸಿದ ದಿನೇಶ್ ಗುತ್ತೆಪ್ಪನಿಗೆ ಕೈ ಮುಗಿದು, ಯಾರ ಮನೆಯಿಂದಾದರೂ ಏಳುವಾಗ ಹೇಳುವ ಹಾಗೆ, "ಬರ್ತೀನಣ್ಣ ಹಂಗಾದ್ರೆ" ಎಂದ. ಹೊರಡುತ್ತೇನೆ ಎಂದು ಅರ್ಥ. ಗೋಡೆಯ ಸುತ್ತ ಹೋಗಿ ಕನ್ನ ಕೊರೆಯುವುದು ಅವನ ಉಪಾಯ. ಗಡಿಯಾರ ನೋಡುತ್ತಿದ್ದ ಅಂಜನಕುಮಾರನಿಗೆ ಮಾತಿನ ಬಾಲ ಮಾತ್ರ ಕೇಳಿತು, ಅದೂ ತಲೆಕೆಳಗಾಗಿ. "ಬರ್ತೀನಿ ಅಂದ್ಯಲ್ಲ, ಬಾ ಮತ್ತ, ಅಂತಂದು ಗುತ್ತೆಪ್ಪ ಬಾಗ್ಲು ತೆಗೆದ" ಎಂದುಬಿಟ್ಟ.

ಹನ್ನೊಂದು ವಾರ ತೆರೆಯದ ಬಾಗಿಲು. ದಿನೇಶ್, "ನಾ ಹೊಂಟೆ ಅಂದದ್ದಲೇ ಮಾರಾಯ" ಎಂದ. ಆಶಾರಾಣಿ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು, ಸುನೀತಾ ನೆಲಕ್ಕೆ ಕೈ ಬಡಿದು ನಕ್ಕಳು, ದಿನೇಶ್ ಬೈಯಲು ಹೋಗಿ ತಾನೂ ನಕ್ಕ. ತಪ್ಪಾಯಿತು, ಹಿಂದಕ್ಕೆ ತಗೊಳ್ಳುತ್ತೇನೆ ಎನ್ನಲು ಅಂಜನಕುಮಾರ ಬಾಯಿ ತೆರೆದ. ಆಗ ಅಡುಗೆಮನೆಯ ಹೊಸ್ತಿಲಿಂದ, ಯಾವ ಅವಸರವೂ ಇಲ್ಲದೆ ಒಂದು ದನಿ ಬಂತು.

"ಹ್ಞೂಂ."

ಅವನ ತಾಯಿ ಹಂಪವ್ವ. ಮೊರದ ಮುಂದೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಹನ್ನೊಂದು ಭಾನುವಾರವೂ ಅಲ್ಲೇ ಏನಾದರೊಂದು ಹಸನು ಮಾಡುತ್ತ ಕೂತಿದ್ದಳು, ಒಂದು ದಿನವೂ ಈ ಕಡೆ ಕಿವಿಕೊಟ್ಟವಳಲ್ಲ. ಈಗಲೂ ತಲೆ ಎತ್ತಿರಲಿಲ್ಲ. ಆದರೆ ಆ ಹ್ಞೂಂ ಬೇರೆ. ಆನಗೋಡಿನ ಮನೆಯಲ್ಲಿ ಕತ್ತಲಿಗೆ ಹೆದರುವ ಅವನನ್ನು ಪಕ್ಕ ಹಾಕಿಕೊಂಡು ಅವಳು ಕಥೆ ಹೇಳುವಾಗ ಅವನು ಹ್ಞೂಂಗುಟ್ಟಬೇಕಿತ್ತು. ಹ್ಞೂಂ ಅನ್ನುವವರಿಲ್ಲದ ಕಥೆ ಗೋಡೆಗೆ ಹೇಳಿದ ಹಾಗೆ ಎನ್ನುತ್ತಿದ್ದಳು. ಅವನ ಹ್ಞೂಂ ನಿಧಾನವಾದರೆ ಅವಳು ಕಾಡನ್ನು ಒಂದೇ ಹೆಜ್ಜೆಗೆ ದಾಟಿಸಿ ರಾಕ್ಷಸನನ್ನು ತಂದು ನಿಲ್ಲಿಸುತ್ತಿದ್ದಳು. ಜೋರಾದರೆ ಅಲ್ಲೇ ನಿಂತು, ರಾಕ್ಷಸನ ಹಲ್ಲು ಎಣಿಸುತ್ತಿದ್ದಳು. ನಿಂತೇಹೋದರೆ ಕಥೆಯೂ ನಿಂತಿತು, ಮಗ ಮಲಗಿದ ಎಂದು ಅರ್ಥ. ಮಾರನೆಯ ದಿನ ಸರಿಯಾಗಿ ಆ ಕೊನೆಯ ಹ್ಞೂಂ ಬಿದ್ದ ಜಾಗದಿಂದಲೇ ಶುರು. ಅವಳ ಹತ್ತಿರ ಗಡಿಯಾರ ಎಲ್ಲಿತ್ತು? ಇಷ್ಟು ವರ್ಷ ಇದು ತನಗೆ ಯಾಕೆ ನೆನಪಾಗಲಿಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಹಿಂದೆಯೇ ಎಂಥದೋ ಸಲುಗೆಯೂ ಬಂತು. ಬಾಯಿಗೆ ಬಂದಿದ್ದ ತಪ್ಪಾಯಿತು ಎಂಬ ಮಾತನ್ನು ನುಂಗಿ, "ಬಾಗ್ಲ ಒಳಗ ಮೆಟ್ಟಿಲದಾವೆ" ಎಂದ.

ಮೆಟ್ಟಿಲು ಇನ್ನೂರಿದ್ದವು, ಒಂದೊಂದಕ್ಕೂ ಪಾಚಿ ಇತ್ತು, ಆ ಪಾಚಿಯ ಹಸಿರಿನ ಮೇಲೆ ಅವನಿಗೆ ವಿಶೇಷ ಪ್ರೀತಿ. ಪಾಚಿಗೆ ಕೈ ಹಾಕಿ ಹೊಸ್ತಿಲ ಕಡೆ ಕಿವಿಯಿಟ್ಟ. ಹ್ಞೂಂ ಬರಲಿಲ್ಲ. ಹುಣಸೆ ಬೀಜ ಟಪ್ಪೆಂದು ತಟ್ಟೆಗೆ ಬಿತ್ತು. ದಿನೇಶನ ಕೈ ಆಗಲೇ ಮೊಬೈಲಿನ ಕಡೆ ಹೊರಟಿತ್ತು. "ಮೆಟ್ಟಿಲು ಇಳಿದ್ರಿ, ಬಾವಿ ಬಂತು" ಎಂದ ಅಂಜನಕುಮಾರ. ಇನ್ನೂರು ಮೆಟ್ಟಿಲು ಒಂದೇ ಮಾತಿನಲ್ಲಿ ಮುಗಿದವು, ಯಾರೂ ಜಾರಿ ಬೀಳಲಿಲ್ಲ. ಇಳಿಯುವವರಿಲ್ಲ, ಹತ್ತುವವರಿಲ್ಲ ಎಂದ ಮೇಲೆ ಆ ಸ್ಟಾಪಿನಲ್ಲಿ ನಿಲ್ಲಬೇಡ ಎಂದು ಎಷ್ಟು ಡ್ರೈವರುಗಳಿಗೆ ತಾನೇ ಹೇಳಿಲ್ಲ? ಬಾವಿಗೆ ಅವನು ಹತ್ತು ನಿಮಿಷ ಮಾತ್ರ ಇಟ್ಟಿದ್ದ. ಆದರೆ ಬಾವಿಯ ನೀರಿನಲ್ಲಿ ಮಾಟಗಾತಿಗೆ ತನ್ನ ಮುಖದ ಬದಲು ಇನ್ಯಾರದೋ ಮುಖ ಕಂಡಿತು ಎಂದಾಗ ಆಶಾರಾಣಿ ಮುಂದಕ್ಕೆ ಬಗ್ಗಿದಳು, ಹೊಸ್ತಿಲ ಹ್ಞೂಂ ಮಾತು ಮುಗಿಯುವ ಮೊದಲೇ ಬಂತು. ಅವನು ಅಲ್ಲೇ ನಿಂತ. ಆ ಮುಖ ಕಣ್ಣು ಮಿಟುಕಿಸಿತು ಎಂದ. ಆಶಾರಾಣಿ, "ನಾ ಮಿಟುಕ್ಸಿದ್ನೇನು?" ಎಂದಳು. "ಇಲ್ಲ" ಎಂದ. ಆ ಒಂದು ಇಲ್ಲ ಎಂಬುದಕ್ಕೆ ಮೂವರ ಮೈಮೇಲೂ ಕೂದಲು ನಿಂತದ್ದು ಅವನಿಗೆ ಕಂಡಿತು. ಟ್ರಿಪ್ ಶೀಟು ತೊಡೆಯ ಕೆಳಗೆ ಸೇರಿತ್ತು. ಹನ್ನೆರಡು ಸ್ಟಾಪಿನಲ್ಲಿ ಐದನ್ನು ಅವನು ಸೀಟಿಯೂ ಊದದೆ ದಾಟಿಸಿದ. ಬಾವಲಿಗಳ ಕೋಣೆ ಹೋಯಿತು, ಒಗಟು ಹೇಳುವ ಮುದುಕ ಹೋದ. ಆ ಒಗಟಿಗಾಗಿ ಅವನು ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದ. ಹೊಟ್ಟೆ ಉರಿಯಬೇಕಿತ್ತು, ಉರಿಯಲಿಲ್ಲ. ದಿನೇಶ್ ದಾಳ ಎಸೆದು ಇಪ್ಪತ್ತು ಬೀಳಿಸಿ ಎದ್ದು ನಿಂತು ಕುಣಿದ. ತನ್ನೊಳಗೆ ಏನೋ ಹಗುರಾಗಿ ಓಡುತ್ತಿದೆ, ಇದಕ್ಕೇ ಜನ ಖುಷಿ ಎನ್ನುತ್ತಾರೆ ಎಂದು ಅಂಜನಕುಮಾರನಿಗೆ ಆ ಗದ್ದಲದ ನಡುವೆ ಗೊತ್ತಾಯಿತು. ಐದೂ ನಲವತ್ತಾಗಿತ್ತು. ಗಡಿಯಾರವನ್ನು ಅವನು ನೋಡಿದ, ಆದರೆ ಪರಿಚಯದವರನ್ನು ನೋಡಿದ ಹಾಗೆ ನೋಡಿದ.

ಕೊನೆಯ ಕೋಣೆಗೆ ಅವನು ಎರಡು ಪುಟ ಬರೆದುಕೊಂಡಿದ್ದ. ಸರಪಳಿ, ಪಂಜು, ಕೋಟೆಯ ಒಡೆಯನ ಅಟ್ಟಹಾಸ, ಅಣ್ಣನ ದೀರ್ಘ ಮಾತು. ಪುಟ ತೆಗೆಯಲಿಲ್ಲ. "ಮೂಲ್ಯಾಗ ಒಬ್ಬ ಸರಪಳ್ಯಾಗ ಕುಂತಾನೆ. ಅಣ್ಣನೇ" ಎಂದ. ದಿನೇಶ್ ಕತ್ತಿ ಹಿರಿದೆ ಎಂದ, ಆಶಾರಾಣಿ ಮಂತ್ರ ಹೇಳಲು ಬೆರಳು ಮಡಿಸಿದಳು. ಸುನೀತಾ ದಾಳ ಮುಟ್ಟಲಿಲ್ಲ. ಎದುರಿಗೆ ಗೋಡೆಯಿದ್ದ ಕಡೆ ನೋಡುತ್ತ, ಪ್ರತಿ ದಿನ ಎಷ್ಟೋ ಹಾಸಿಗೆಗಳ ಮುಂದೆ ನಿಂತು ಕೇಳುವ ದನಿಯಲ್ಲಿ, ಕೇಳಿದಳು.

"ಊಟ ಆತೇನಣ್ಣಾ?"

ಅವನ ಎರಡು ಪುಟದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳು ಸರಪಳಿಯ ಬಗ್ಗೆಯಾದರೂ ಕೇಳಬಹುದಿತ್ತು, ಯಾರು ಕಟ್ಟಿದರು ಎನ್ನಬಹುದಿತ್ತು. ದಿನೇಶನ ಕತ್ತಿ ಗಾಳಿಯಲ್ಲೇ ಉಳಿಯಿತು. ಬೀದಿಯಲ್ಲಿ ಆಟೋ ಒಂದು ಹಾರನ್ ಹೊಡೆದು ಹೋಯಿತು. ಹಿಂದಿನ ಅಂಜನಕುಮಾರನಾಗಿದ್ದರೆ ಆ ಸಂದಿನಲ್ಲಿ ಪಂಜಿನ ಬೆಳಕು ತುಂಬುತ್ತಿದ್ದ, ಇಲ್ಲ ಗಾಬರಿಯಾಗಿ ಒಡೆಯನನ್ನು ಒಳಗೆ ನುಗ್ಗಿಸುತ್ತಿದ್ದ. ಈಗ ಅವನು ಸುಮ್ಮನೆ ಕೂತ. ಹೊಸ್ತಿಲ ಕಡೆಯಿಂದಲೂ ಹ್ಞೂಂ ಬರಲಿಲ್ಲ, ಹುಣಸೆ ಬೀಜವೂ ಬೀಳಲಿಲ್ಲ. ಹಂಪವ್ವ ಕೈ ನಿಲ್ಲಿಸಿ ಈ ಕಡೆ ನೋಡುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಒಂದು ಮನೆ ಸರಿಯಿತು. ಪೂರ್ತಿ ಒಂದು ನಿಮಿಷ. ಅಷ್ಟು ಹೊತ್ತು ಯಾರೂ ಏನೂ ಹೇಳದೆ ಇದ್ದು, ಯಾರಿಗೂ ಬೇಜಾರಾಗದೆ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲ.

"ಇಲ್ಲವ್ವ" ಎಂದ ಕೊನೆಗೆ, ತನ್ನದಲ್ಲದ ಗಂಟಲಿನಲ್ಲಿ. "ನಿಂದು?"

ಸುನೀತಾ ಇಲ್ಲವೆಂದು ತಲೆಯಾಡಿಸಿದಳು. ಮೂಗು ಒರೆಸಿಕೊಂಡು ನಕ್ಕಳು. ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ದಿನೇಶ್ ಸರಪಳಿಯ ಬೀಗ ತೆಗೆದ, ಆಶಾರಾಣಿ ಕೋಟೆಯ ಒಡೆಯನಿಗೆ ಗಾಢ ನಿದ್ದೆ ಬರಿಸಿದಳು, ಗಂಗಿ ಅಣ್ಣನನ್ನು ದೋಣಿಗೆ ಕೂರಿಸಿದಳು. ಹೊಳೆ ತುಂಬಿ ಹರಿಯುತ್ತಿತ್ತು. ದಾಟಲು ದಾಳದಲ್ಲಿ ಹನ್ನೊಂದರ ಮೇಲೆ ಬೀಳಬೇಕು, ನಿಯಮ ನಿಯಮವೇ. ಸುನೀತಾ ದಾಳವನ್ನು ಎರಡು ಕೈಯಲ್ಲಿ ಕುಲುಕಿ ಬಿಟ್ಟಳು. ಅದು ಉರುಳಿ, ಮಂಡಕ್ಕಿಯ ತಟ್ಟೆಗೆ ತಾಗಿ ನಿಂತಿತು. ನಾಲ್ಕು. ಹನ್ನೆರಡು ವಾರ ಕಾದು ನಾಲ್ಕು. ಆರೂ ನಾಲ್ಕಾಗಿತ್ತು. ಎಲ್ಲರೂ ಅಂಜನಕುಮಾರನ ಮುಖ ನೋಡಿದರು. ಸುಳ್ಳು ಹೇಳಬಹುದಿತ್ತು, ಇನ್ನೊಮ್ಮೆ ಎಸೆ ಎನ್ನಬಹುದಿತ್ತು. "ದೋಣಿ ಮಗುಚ್ತು" ಎಂದ.

"ಮಗುಚ್ಲಿ ಬಿಡು" ಎಂದಳು ಹಂಪವ್ವ, ಮೊರ ಕೊಡವುತ್ತ. "ಅಂಬಿಗರ ಮಕ್ಳಿಗೆ ಈಜು ಬರಲ್ಲೇನು?"

ಮೊದಲು ಆಶಾರಾಣಿಗೆ ನಗು ಬಂತು, ಆಮೇಲೆ ಮನೆಯೇ ನಕ್ಕಿತು. ದಿನೇಶ್ ಹಂಪವ್ವನ ಕಾಲಿಗೆ ಬಿದ್ದ. "ಈಜಿದ್ರು. ದಡ ಸಿಕ್ತು. ಮುಗೀತು" ಎಂದ ಅಂಜನಕುಮಾರ. ಅವನು ತನ್ನ ಜೀವನದಲ್ಲೇ ಅಷ್ಟು ಚಿಕ್ಕ ಮಾತುಗಳನ್ನು ಸಾಲಾಗಿ ಆಡಿದ್ದಿಲ್ಲ. ಆರೂ ಎಂಟಕ್ಕೆ ಸುನೀತಾ ಚಪ್ಪಲಿ ಮೆಟ್ಟಿದಳು, ದಿನೇಶ್ ಅವಳನ್ನು ನಿಲ್ದಾಣಕ್ಕೆ ಬಿಡಲು ಬೈಕು ಶುರು ಮಾಡಿದ, ಆಶಾರಾಣಿ ಉಳಿದ ಮಿರ್ಚಿಯನ್ನು ಕಾಗದದಲ್ಲಿ ಸುತ್ತಿ ಸುನೀತಾಳ ಬ್ಯಾಗಿಗೆ ತುರುಕಿದಳು. ಓಡಬೇಕಾಗಿರಲಿಲ್ಲ. ಎರಡು ನಿಮಿಷ ಮೊದಲೇ ಹೊರಟಿದ್ದಾಳೆಂದು ತಿಳಿದು ಅಂಜನಕುಮಾರನಿಗೆ ಎದೆ ತುಂಬಿ ಬಂತು. ಆಶಾರಾಣಿಯೂ ಹೊರಟುಹೋದ ಮೇಲೆ ಅವನು ಚಾಪೆ ಮಡಿಸುತ್ತ, ಸಣ್ಣಗೆ ಸೀಟಿ ಹಾಕುತ್ತಿದ್ದ.

ಆರೂ ಮೂವತ್ತೈದಕ್ಕೆ ಫೋನು ಬಂತು. ಇಂಜಿನ್ನಿನ ಸದ್ದು, ಯಾವುದೋ ಕೂಸಿನ ಅಳು, ನಡುವೆ ಸುನೀತಾ. ಬಸ್ಸು ಹೊತ್ತಿಗೆ ಸರಿಯಾಗಿ ಬಿಟ್ಟಿತು ಎಂದಳು, ಕಿಟಕಿಯ ಸೀಟೇ ಸಿಕ್ಕಿತು ಎಂದಳು.

"ಒಂದ್ ಮಾತು ಕೇಳ್ಲೇನ್ರಿ? ನಗಬ್ಯಾಡ್ರಿ ಮತ್ತ. ನಮ್ಮಣ್ಣ ಉಣ್ಲೇ ಇಲ್ಲಲ್ರಿ."

ಅಂಜನಕುಮಾರ ಚಾಪೆ ಹಿಡಿದುಕೊಂಡೇ ನಿಂತ. ನಿಜ. ಅಷ್ಟು ಚೆಂದ ಸಮಯ ಉಳಿಸಿ, ಆ ಮನುಷ್ಯನನ್ನು ಒದ್ದೆ ಬಟ್ಟೆಯಲ್ಲಿ, ಹಸಿದ ಹೊಟ್ಟೆಯಲ್ಲಿ ದಡದ ಮೇಲೆ ಬಿಟ್ಟು ಬಂದಿದ್ದರು. ತಂಗಿಯೂ ಉಂಡಿರಲಿಲ್ಲ.

"ಈಗ ಎಲ್ಲಿದೀರಿ?" ಎಂದು ಕೇಳಿದ.

"ಬಾತಿ ಬಂತು ನೋಡ್ರಿ."

"ಯಾರು ಹೊಡಿಯಾದು, ಮಸ್ತಾನಸಾಬ್ರಾ?"

"ಅವ್ರೇ. ಭಾಳ ಮೆಲ್ಲಕ ಹೊಂಟಾರೆ."

ಆ ದಾರಿ ಅವನಿಗೆ ಅಂಗೈ ಗೆರೆ. ಬಾತಿಯಿಂದ ಹರಿಹರಕ್ಕೆ, ಮಸ್ತಾನಸಾಬರ ಕೈಯಲ್ಲಿ, ಇಪ್ಪತ್ತು ನಿಮಿಷ. ಅವನು ಹೊಸ್ತಿಲಿಗೆ ಬಂದು ತಾಯಿಯ ಪಕ್ಕ ಕೂತ, ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿಕೊಂಡ. "ದಡದ ಮ್ಯಾಲೆ ಒಂದು ಗುಡಿಸ್ಲಿತ್ತು" ಎಂದ. "ಜ್ವಾಳದ ಹಿಟ್ಟಿತ್ತು. ರೊಟ್ಟಿ ಆಗ್ಬೇಕಲ್ಲ, ಅದಕ್ಕ ಮೊದ್ಲು ಎಸರಿಡಬೇಕು." ನೀರು ಇನ್ನೂ ತಣ್ಣಗಿತ್ತು, ಒಲೆಯ ಕಟ್ಟಿಗೆ ಹಸಿಯಿತ್ತು. ಅವನು ಅವಸರ ಮಾಡಲಿಲ್ಲ.